ರೆಸಿಸ್ಟೆನ್ಸ್ ನಾಯಿಗಲ್ಲ, ಬ್ಯಾಕ್ಟೀರಿಯಾಕ್ಕೆ

‘ನಮ್ಮ ನಾಯಿಯ ಮೈಗೆ ಆಂಟಿಬಯಾಟಿಕ್ ಒಗ್ಗಿಹೋಗಿದೆ, ಇನ್ನು ಯಾವ ಮಾತ್ರೆಯೂ ನಾಟುವುದಿಲ್ಲ’ ಎಂಬ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಒಗ್ಗಿರುವುದು ನಾಯಿಯ ಮೈಗಲ್ಲ. ಕನ್ನಡದಲ್ಲಿ ‘ನಿರೋಧಕ’ ಎಂಬ ಒಂದೇ ಪದ ಎರಡು ಕಡೆ ದುಡಿಯುತ್ತಿರುವುದರಿಂದ ಈ ಗೊಂದಲ ಇನ್ನಷ್ಟು ಬಿಗಿಯಾಗಿದೆ. ರೋಗನಿರೋಧಕ ಶಕ್ತಿ ಪ್ರಾಣಿಯದು, ರೋಗಾಣುವಿನ ವಿರುದ್ಧ. ಔಷಧ ನಿರೋಧಕತೆ, ಅಂದರೆ ರೆಸಿಸ್ಟೆನ್ಸ್, ರೋಗಾಣುವಿನದು, ಔಷಧದ ವಿರುದ್ಧ. ಆದ್ದರಿಂದಲೇ ಹುಟ್ಟಿದಾಗಿನಿಂದ ಒಂದೂ ಆಂಟಿಬಯಾಟಿಕ್ ನುಂಗದ ನಾಯಿಗೂ ಇನ್ನೊಂದು ಪ್ರಾಣಿಯಿಂದ ನಿರೋಧಕ ಬ್ಯಾಕ್ಟೀರಿಯಾ ಅಂಟಬಹುದು.

ನಾಯಿಗಳ ಚರ್ಮದ ಕೀವುಗುಳ್ಳೆಗೆ ಮುಖ್ಯ ಕಾರಣ ಸ್ಟ್ಯಾಫಿಲೋಕಾಕಸ್ ಸ್ಯೂಡಿಂಟರ್ಮೀಡಿಯಸ್ ಎಂಬ ಬ್ಯಾಕ್ಟೀರಿಯಾ. ಅದರ ಮೆಥಿಸಿಲಿನ್ ನಿರೋಧಕ ತಳಿಯೇ ಎಂಆರ್‌ಎಸ್‌ಪಿ. ಪೆನಿಸಿಲಿನ್ ಗುಂಪಿನ ಮೆಥಿಸಿಲಿನ್ ಈಗ ಬಳಕೆಯಲ್ಲಿಲ್ಲ, ಹೆಸರಷ್ಟೇ ಉಳಿದಿದೆ. ಲ್ಯಾಬ್ ಪರೀಕ್ಷಿಸುವುದು ಅದೇ ಗುಂಪಿನ ಆಕ್ಸಾಸಿಲಿನ್‌ನಿಂದ. ಮೆಕ್‌ಎ ಎಂಬ ಜೀನ್ ಇದ್ದರೆ ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟಲು ಬೇರೆಯೇ ಪ್ರೋಟೀನ್ ಬಳಸುತ್ತದೆ, ಪೆನಿಸಿಲಿನ್ ಗುಂಪಿನ ಔಷಧ ಅದಕ್ಕೆ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ‘ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಇದೆಯಲ್ಲ’ ಎನ್ನುವವರು ಗಮನಿಸಬೇಕು: ಕ್ಲಾವುಲನೇಟ್ ತಡೆಯುವುದು ಔಷಧವನ್ನು ಒಡೆಯುವ ಕಿಣ್ವವನ್ನು, ಇಲ್ಲಿ ಬದಲಾಗಿರುವುದು ಗುರಿಯೇ. ಲ್ಯಾಬ್ ವರದಿಯಲ್ಲಿ ಆಕ್ಸಾಸಿಲಿನ್ ಮುಂದೆ ‘ಆರ್’ (ನಿರೋಧಕ, ಔಷಧ ನಾಟದು) ಇದ್ದರೆ, ಪೆನಿಸಿಲಿನ್‌ನಂತೆಯೇ ಕೆಲಸ ಮಾಡುವ ಸೆಫಲೆಕ್ಸಿನ್ ಮುಂದೆ ‘ಎಸ್’ (ಔಷಧ ನಾಟುತ್ತದೆ) ಕಂಡರೂ ನಂಬಬಾರದು. ಡೋಸ್ ಏರಿಸಿದರೂ ಫಲವಿಲ್ಲ.

ಅದೇ ವರದಿಯ ಎಂಐಸಿ (ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯಲು ಬೇಕಾದ ಔಷಧದ ಕನಿಷ್ಠ ಸಾಂದ್ರತೆ) ಅಂಕಿಗಳಲ್ಲಿ ಅತಿ ಚಿಕ್ಕದನ್ನು ಹುಡುಕಿ ಆ ಔಷಧವೇ ಪ್ರಬಲ ಎನ್ನುವುದೂ ತಪ್ಪು. ನಾಟುತ್ತದೆ ಎನ್ನುವ ಮಿತಿ ಪ್ರತಿ ಔಷಧಕ್ಕೂ ಬೇರೆ. ಒಂದರ 2 ಅನ್ನು ಇನ್ನೊಂದರ 0.5 ಜೊತೆ ಹೋಲಿಸಲಾಗದು.

ಎಂಆರ್‌ಎಸ್‌ಪಿ ಎಂದರೆ ಹೆಚ್ಚು ಉಗ್ರವಾದ ಕಾಯಿಲೆ ಎಂದೇನೂ ಅಲ್ಲ, ಮದ್ದಿನ ಆಯ್ಕೆ ಕಡಿಮೆ ಅಷ್ಟೇ. ಮೇಲ್ಪದರದ ಸೋಂಕಾದರೆ 2ರಿಂದ 4 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಶ್ಯಾಂಪೂವಿನಿಂದ ವಾರಕ್ಕೆ 2–3 ಸಲ ತೊಳೆದೇ ಎಷ್ಟೋ ಬಾರಿ ವಾಸಿಯಾಗುತ್ತದೆ. ಆದರೆ ನೊರೆ 10 ನಿಮಿಷ ಮೈಮೇಲೆ ನಿಲ್ಲಬೇಕು. ಹಚ್ಚಿದ ಕೂಡಲೇ ತೊಳೆದು, ಆಮೇಲೆ ಶ್ಯಾಂಪೂವನ್ನು ದೂರುವುದು ನ್ಯಾಯವಲ್ಲ.

ಗುಳ್ಳೆ ಮರುಕಳಿಸಿದ್ದೆಲ್ಲ ರೆಸಿಸ್ಟೆನ್ಸ್ ಅಲ್ಲ. ಒಳಗಿನ ಅಲರ್ಜಿ ಹಾಗೇ ಉಳಿದಿದ್ದರೆ ಸರಿಯಾದ ಔಷಧ ಕೊಟ್ಟರೂ ಮತ್ತೆ ಬರುತ್ತದೆ. ಎಳೆ ವಯಸ್ಸಿನ ಬೆಕ್ಕು ತಿಣುಕಿ ತಿಣುಕಿ ಮೂತ್ರ ಮಾಡುತ್ತಿದ್ದರೆ ಬಹುಪಾಲು ಅಲ್ಲಿ ಬ್ಯಾಕ್ಟೀರಿಯಾವೇ ಇರುವುದಿಲ್ಲ; ಇಲ್ಲದ ಬ್ಯಾಕ್ಟೀರಿಯಾಕ್ಕೆ ಆಂಟಿಬಯಾಟಿಕ್ ಬದಲಿಸುತ್ತಾ ಹೋಗಿ ಪ್ರಯೋಜನವಿಲ್ಲ. ಗಂಡು ಬೆಕ್ಕಿಗೆ ಮೂತ್ರವೇ ಬಾರದಿದ್ದರೆ ಅದು ತುರ್ತು, ಕಲ್ಚರ್‌ಗೆ (ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ) ಕಾಯುವಂತಿಲ್ಲ. ಉಳಿದಂತೆ ಕಲ್ಚರ್‌ಗೆ ಮೂತ್ರವನ್ನು ವೈದ್ಯರು ಮೂತ್ರಕೋಶದಿಂದಲೇ ಸೂಜಿಯಲ್ಲಿ ತೆಗೆಯಬೇಕು. ನೆಲದಿಂದ ಬಳಿದುಕೊಂಡ ಮೂತ್ರದಲ್ಲಿ ಬೆಳೆಯುವುದು ನೆಲದ ಬ್ಯಾಕ್ಟೀರಿಯಾ.