ನಡುವೆ ಕೂತವರಿಗೆ ಏನೇನು ಗೊತ್ತು?

2021ರ ಅಕ್ಟೋಬರ್ 4ರ ರಾತ್ರಿ ವಾಟ್ಸ್‌ಆ್ಯಪ್ ನಿಂತುಹೋಗಿದ್ದು ನೆನಪಿದೆಯಾ? ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕೂಡ ಜೊತೆಗೇ ಹೋದವು. ರಿಪೇರಿ ಕೆಲಸದ ನಡುವೆ ಕೊಟ್ಟ ಒಂದು ತಪ್ಪು ಕಮಾಂಡ್ ಈ ಮೂರನ್ನೂ ನಡೆಸುವ ಕಂಪನಿಯ ಡೇಟಾ ಸೆಂಟರ್‌ಗಳ ನಂಟನ್ನೇ ಕಡಿದಿತ್ತು. ಸುಮಾರು ಆರು ಗಂಟೆ ಎಲ್ಲ ಬಂದ್. ಇಮೇಲ್ ಮಾತ್ರ ಎಂದಿನಂತೆ ಓಡಾಡುತ್ತಿತ್ತು. ಅದಕ್ಕೆ ಒಬ್ಬನೇ ಯಜಮಾನ ಇಲ್ಲ ನೋಡಿ.

ಇಂಟರ್ನೆಟ್‌ನ ಮೂಲ ಗುಣವೂ ಇದೇ. ಅಣುಬಾಂಬ್ ಬಿದ್ದ ಮೇಲೂ ಸಂಪರ್ಕ ಉಳಿಯಬೇಕು, ಹೇಗೆ? 1960ರ ದಶಕದ ಆರಂಭದಲ್ಲಿ ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆಯ ಎಂಜಿನಿಯರ್ ಪಾಲ್ ಬಾರನ್ ತಲೆಕೆಡಿಸಿಕೊಂಡಿದ್ದು ಇದಕ್ಕೇ. ಅವರು ಬರೆದ ಚಿತ್ರ ಮೀನಿನ ಬಲೆಯಂತಿತ್ತು. ಎಲ್ಲ ಸಂದೇಶವೂ ಹಾದುಹೋಗಲೇಬೇಕಾದ ನಡುಮನೆ ಅಂತ ಒಂದಿಲ್ಲ. ಸಂದೇಶವನ್ನು ತುಂಡು ಮಾಡಿ ಬಿಡಬೇಕು. ಒಂದು ಎಳೆ ಹರಿದರೆ ತುಂಡುಗಳು ಇನ್ನೊಂದು ಎಳೆ ಹಿಡಿದು ಹೋಗುತ್ತವೆ.

ಅಂಥ ಬಲೆಯ ಮೇಲೆ ನಾವು ಮತ್ತೆ ನಡುಮನೆಗಳನ್ನು ಕಟ್ಟಿಕೊಂಡೆವು. ವಾಟ್ಸ್‌ಆ್ಯಪ್ ಸಂದೇಶಕ್ಕೆ ಬೀಗ ಇದೆ, ಒಳಗಿನ ಮಾತು ಕಂಪನಿಗೂ ಕಾಣದು. ಆದರೆ ಯಾರು ಯಾರಿಗೆ ಯಾವಾಗ ಕಳಿಸಿದರು ಅನ್ನೋದು ನಡುವಿನ ಸರ್ವರ್‌ಗೆ ತಿಳಿಯುತ್ತದೆ. ರಾತ್ರಿ 2 ಗಂಟೆಗೆ ಒಬ್ಬರು ಮನೋವೈದ್ಯರಿಗೆ ಸಂದೇಶ ಕಳಿಸಿದ್ದು ಗೊತ್ತಾದರೆ, ಏನು ಬರೆದರು ಅಂತ ಓದಲೇಬೇಕಾ?

ಬಾಗಿಲು ಒಂದೇ ಇದ್ದರೆ ಸರ್ಕಾರವೂ ಅದನ್ನೇ ತಟ್ಟುತ್ತದೆ. ಆದೇಶ ಬಂದಾಗ, ಸಂದೇಶವನ್ನು ಮೊದಲು ಕಳಿಸಿದವರು ಯಾರೆಂದು ದೊಡ್ಡ ಮೆಸೇಜಿಂಗ್ ಕಂಪನಿಗಳು ಹೇಳಬೇಕು ಎಂದವು 2021ರ ನಮ್ಮ ಐಟಿ ನಿಯಮಗಳು. ಇದನ್ನು ಪ್ರಶ್ನಿಸಿ ವಾಟ್ಸ್‌ಆ್ಯಪ್ ದೆಹಲಿ ಹೈಕೋರ್ಟಿಗೆ ಹೋಯಿತು. ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಗೆ ಅಮಾಯಕರು ಸತ್ತಿದ್ದನ್ನು ನೋಡಿದ ಮೇಲೆ ಆ ಬೇಡಿಕೆಯನ್ನು ಸುಮ್ನೆ ತಳ್ಳಿಹಾಕಲು ನನ್ನಿಂದಾಗದು. ಆದರೂ ಒಬ್ಬನನ್ನು ಹಿಡಿಯಲು ಎಲ್ಲರ ಸಂದೇಶಕ್ಕೂ ಗುರುತು ಹಾಕುವುದು ತೀರಾ ಜಾಸ್ತಿಯಾಯಿತು.

ಹಾಗಾದರೆ ಸರ್ವರ್‌ಗಳನ್ನು ಹಂಚಿಬಿಟ್ಟರೆ ಸಾಕಾ? ಸಾಲದು. ಮಾಸ್ಟೊಡಾನ್ ಅನ್ನೋ, ಟ್ವಿಟರ್‌ನಂಥ ಜಾಲತಾಣದಲ್ಲಿ ಬೇರೆ ಬೇರೆ ಜನ ನಡೆಸುವ ಸಾವಿರಾರು ಸರ್ವರ್‌ಗಳಿವೆ. ಅಲ್ಲಿ ನಿಮ್ಮ ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ನಿಮ್ಮ ಖಾಸಗಿ ಸಂದೇಶವನ್ನೂ ಓದಬಹುದು. ದೊಡ್ಡ ಯಜಮಾನ ಹೋಗಿ ಚಿಕ್ಕ ಯಜಮಾನ ಬಂದ ಹಾಗಾಯಿತು, ಅಲ್ವಾ?

ನಾವು ಯಾರೆಂದು ತೋರಿಸದೆ ವೆಬ್ ನೋಡಲು ಇರುವ ಟಾರ್ ಜಾಲ ನನಗೆ ಇಷ್ಟವಾಗುವುದು ಇಲ್ಲೇ. ಅದು ತಿಳಿವಳಿಕೆಯನ್ನೇ ತುಂಡು ಮಾಡುತ್ತದೆ. ಪುಟ ತೆರೆಯಲು ನೀವು ಕಳಿಸಿದ ಕೋರಿಕೆ ಮೂರು ಕಂಪ್ಯೂಟರ್‌ಗಳನ್ನು ದಾಟಿ ಹೋಗುತ್ತದೆ. ಮೊದಲನೆಯದಕ್ಕೆ ನೀವು ಎಲ್ಲಿಂದ ಬಂದಿರಿ ಅಂತ ಗೊತ್ತು. ಕೊನೆಯದಕ್ಕೆ ಎಲ್ಲಿಗೆ ಹೊರಟಿರಿ ಅಂತ ಗೊತ್ತು. ನಡುವಿನದಕ್ಕೆ ಎರಡೂ ಗೊತ್ತಿಲ್ಲ. ಸುತ್ತಿ ಬರುವುದರಿಂದ ಪುಟ ತೆರೆಯುವುದು ನಿಧಾನ.