ಹಣ್ಣಿನ ಪೈ ತಳ ಹಸಿಯಾಗಿ ಉಳಿಯುವುದೇಕೆ? ಅದಕ್ಕೆ ಮಗುವಿನ ಕೈ ಕಾರಣವೇ?

ಪ್ರಶ್ನೆ: ಐದು ವರ್ಷದ ಮಗಳನ್ನು ಜೊತೆಗೆ ಕೂರಿಸಿಕೊಂಡು ಮನೆಯಲ್ಲೇ ಅನಾನಸ್ ಪೈ ಮಾಡಿದೆ. ಮೇಲಿನ ಪದರ ಹೊಂಬಣ್ಣಕ್ಕೆ ಬಂದಿತ್ತು, ತಳ ಮಾತ್ರ ಬೇಯದ ಹಿಟ್ಟಿನಂತೆ ಅಂಟಂಟಾಗಿತ್ತು. ಅವಳು ಹಿಟ್ಟನ್ನು ಬಹಳ ಹೊತ್ತು ಹಿಸುಕಿದ್ದರಿಂದಲೇ ಹೀಗಾಯಿತು ಎಂದು ಮನೆಯಲ್ಲಿ ಹೇಳುತ್ತಾರೆ. ಮುಂದಿನ ಸಲ ಅವಳನ್ನು ಹಿಟ್ಟಿನಿಂದ ದೂರ ಇಡಬೇಕೇ?

ಉತ್ತರ: ಬೇಡ. ಹಿಟ್ಟನ್ನು ಹೆಚ್ಚು ಹಿಸುಕಿದರೆ ಪೈ ಗಡುಸಾಗುತ್ತದೆ, ಕಚ್ಚಿದಾಗ ಪುಡಿಯಾಗದೆ ಜಗ್ಗುತ್ತದೆ. ಆದರೆ ಅದರಿಂದ ತಳ ಹಸಿಯಾಗಿ ಉಳಿಯುವುದಿಲ್ಲ. ತಳ ಹಸಿಯಾಗುವುದು ಹಣ್ಣು ಬಿಟ್ಟ ನೀರಿನಿಂದ ಮತ್ತು ತಟ್ಟೆಯ ಅಡಿಗೆ ಸಾಕಷ್ಟು ಶಾಖ ತಲುಪದೆ ಇರುವುದರಿಂದ. ಇವೆರಡೂ ದೊಡ್ಡವರ ಪಾಲಿನ ಕೆಲಸಗಳಾದ್ದರಿಂದ ದೂರನ್ನು ಮಗುವಿನ ಮೇಲೆ ಹಾಕುವುದು ನ್ಯಾಯವಲ್ಲ.

ಹಾಸನ, ಚಿಕ್ಕಮಗಳೂರಿನ ಯಾವ ಬೇಕರಿಗೆ ಹೋದರೂ ಕಾಣುವ ದಿಲ್‌ಪಸಂದನ್ನು ನೆನಪಿಸಿಕೊಳ್ಳಿ. ಅದೂ ಎರಡು ಪದರಗಳ ನಡುವೆ ಹೂರಣ ತುಂಬಿ ಬೇಯಿಸಿದ ತಿನಿಸೇ, ಆದರೂ ಅದರ ತಳ ಒದ್ದೆಯಾಗುವುದಿಲ್ಲ, ಏಕೆಂದರೆ ಒಳಗಿರುವುದು ಸಕ್ಕರೆ ಬೆರೆಸಿದ ತೆಂಗಿನ ತುರಿ ಮತ್ತು ಟೂಟಿ ಫ್ರೂಟಿ. (ಅಯ್ಯಂಗಾರ್ ಬೇಕರಿಗಳನ್ನು ಊರೂರಿಗೆ ಒಯ್ದ ಅನೇಕ ಕುಟುಂಬಗಳ ಮೂಲ ಹಾಸನ ಜಿಲ್ಲೆಯ ಹಳ್ಳಿಗಳೇ ಆಗಿರುವಾಗ ನಮ್ಮ ಕಡೆಯವರಿಗೆ ಈ ತಿನಿಸಿನ ಪರಿಚಯ ಬೇರೆ ಬೇಕಿಲ್ಲ.) ಅನಾನಸ್ ಹಣ್ಣಿನ ತೂಕದಲ್ಲಿ ಶೇ. 85ರಷ್ಟು ನೀರೇ ಇರುತ್ತದೆ. ಸಕ್ಕರೆ ಬೆರೆತೊಡನೆ ಆ ನೀರು ಹೊರಗೆ ಬರಲು ತೊಡಗುತ್ತದೆ, ಓವನ್ನಿನ ಬಿಸಿಗೆ ಇನ್ನಷ್ಟು ಬಿಡುತ್ತದೆ, ಮತ್ತು ಇಳಿಯಲು ಬೇರೆ ದಾರಿಯಿಲ್ಲದೆ ಕೆಳಗಿನ ಹಿಟ್ಟಿನೊಳಗೆ ಇಂಗುತ್ತದೆ.

ಆದ್ದರಿಂದ ನೀರನ್ನು ಮೊದಲೇ ತೆಗೆಯಬೇಕು. ಅರ್ಧ ಕಿಲೋ ಅನಾನಸ್ ಹೋಳಿಗೆ 100 ಗ್ರಾಂ ಸಕ್ಕರೆ ಬೆರೆಸಿ, ಜರಡಿಯಲ್ಲಿ ಹಾಕಿ, ಅಡಿಗೆ ಒಂದು ಬೋಗುಣಿ ಇಟ್ಟು ಅರ್ಧ ಗಂಟೆ ಬಿಡಿ. ನಮ್ಮ ಮನೆಯ ಹುಡುಗಿ ಇದರ ಮುಂದೆ ಮೊಣಕಾಲೂರಿ ಕುಳಿತು, ಮೊದಲು ಒಂದೊಂದಾಗಿ ಬೀಳುವ ಹನಿಗಳನ್ನು ಎಣಿಸಿ, ಲೆಕ್ಕ ತಪ್ಪಿದ ಮೇಲೆ ಬೋಗುಣಿಯನ್ನೇ ಎತ್ತಿ ಅಳ್ಳಾಡಿಸಿ ನೋಡುತ್ತಾಳೆ. ಅರ್ಧ ಲೋಟದಷ್ಟು ರಸವಂತೂ ಸಿಕ್ಕೇ ಸಿಗುತ್ತದೆ. ಆ ರಸವನ್ನು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ತಣ್ಣೀರಿನಲ್ಲಿ ಕಲಸಿದ ಎರಡು ಚಮಚ ಕಾರ್ನ್‌ಫ್ಲೋರ್ ಸೇರಿಸಿ, ಗಟ್ಟಿಯಾದ ಮೇಲೆ ಹೋಳುಗಳನ್ನು ಹಾಕಿ ಇಳಿಸಿ. ಕಾರ್ನ್‌ಫ್ಲೋರನ್ನು ನೇರವಾಗಿ ಬಿಸಿ ರಸಕ್ಕೆ ಸುರಿದರೆ ಗಂಟಾಗುತ್ತದೆ. ಹೂರಣ ಪೂರ್ತಿ ತಣ್ಣಗಾಗದೆ ಹಿಟ್ಟಿಗೆ ತುಂಬಬಾರದು. ಬೆಚ್ಚಗಿನ ಹೂರಣ ಬಿದ್ದರೆ ಬೆಣ್ಣೆ ಓವನ್ ಸೇರುವ ಮೊದಲೇ ಕರಗಿಹೋಗುತ್ತದೆ.

ಇನ್ನು ಹಿಟ್ಟು. ಹೋಳಿಗೆಯ ಕಣಕ ನಾದಿ ರೂಢಿಯಾದ ಕೈಗೆ ಪೈ ಹಿಟ್ಟು ತಲೆಕೆಳಗಾದ ಲೆಕ್ಕ. ಕಣಕವನ್ನು ನಾದಿದಷ್ಟೂ ಮೈದಾದ ಗ್ಲುಟೆನ್ (ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಬೆಳೆದು ಎಳೆದಂತೆ ಬರುತ್ತದೆ, ನಮಗೆ ಬೇಕಾದದ್ದೂ ಅದೇ. ಪೈಯಲ್ಲಾದರೋ ಗ್ಲುಟೆನ್ ಬೆಳೆಯದಂತೆ ನೋಡಿಕೊಳ್ಳಬೇಕು. 250 ಗ್ರಾಂ ಮೈದಾಕ್ಕೆ 125 ಗ್ರಾಂ ಗಟ್ಟಿ ಬೆಣ್ಣೆಯ ತುಂಡುಗಳನ್ನು ಹಾಕಿ, ಬೆರಳ ತುದಿಯಿಂದ ಉಜ್ಜಿ, ಅಲ್ಲಲ್ಲಿ ತೊಗರಿಕಾಳಿನಷ್ಟು ದಪ್ಪದ ಬೆಣ್ಣೆ ಕಾಣುತ್ತಿರುವಾಗಲೇ ನಿಲ್ಲಿಸಿ, ನಾಲ್ಕೈದು ಚಮಚ ಐಸ್ ನೀರು ಚಿಮುಕಿಸಿ ಉಂಡೆಗೂಡಿಸಿದರೆ ಮುಗಿಯಿತು. ಓವನ್ನಿನಲ್ಲಿ ಆ ಬೆಣ್ಣೆ ತುಣುಕುಗಳು ಕರಗಿ, ಅವುಗಳ ನೀರಿನಂಶ ಆವಿಯಾಗಿ, ಪದರ ಬಿಡಿಸುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಮಜ್ಜಿಗೆಯ ಅಂಶ ಹೋಗುವಂತೆ ತಣ್ಣೀರಿನಲ್ಲಿ ತೊಳೆದು, ಒತ್ತಿ, ಫ್ರಿಜ್‌ನಲ್ಲಿ ಗಟ್ಟಿ ಮಾಡಿಕೊಳ್ಳಿ. ಅಂಗಡಿಯ ಉಪ್ಪುಬೆಣ್ಣೆಯಾದರೆ ಬೇರೆ ಉಪ್ಪು ಬೇಡ.

ಉಜ್ಜುವ ಕೆಲಸವನ್ನು ಧಾರಾಳವಾಗಿ ಮಗಳಿಗೆ ಕೊಡಿ, ಆದರೆ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಅಲ್ಲ. ಬೆಣ್ಣೆ ಕರಗುವುದು ಸುಮಾರು 32ರಿಂದ 35 ಡಿಗ್ರಿಯಲ್ಲಿ, ಎಂದರೆ ಹೆಚ್ಚುಕಡಿಮೆ ಅಂಗೈಯ ಬಿಸಿಯಲ್ಲಿ. ಅಂಗೈಯಲ್ಲಿ ಮುದ್ದೆ ಕಟ್ಟಲು ಹೋದಾಗ ಕೈಯನ್ನು ತಣ್ಣೀರಿನಲ್ಲಿ ಅದ್ದಿ ಒರೆಸಿಕೊಂಡು ಬರಲು ಹೇಳಿ; ಅದೂ ಅವಳಿಗೆ ಆಟವೇ. ನಮ್ಮ ಚಿಕ್ಕಮಗಳೂರಿನಲ್ಲಿ ಡಿಸೆಂಬರಿನ ಬೆಳಗ್ಗೆ ಬೆಣ್ಣೆ ಕಲ್ಲಿನಂತಿದ್ದು ಚಿಕ್ಕ ಬೆರಳಿಗೆ ಬಗ್ಗುವುದಿಲ್ಲ, ನೀವೇ ತುರಿದುಕೊಟ್ಟರೆ ಅನುಕೂಲ. ಏಪ್ರಿಲ್ ಆದರೆ ಮಧ್ಯಾಹ್ನವನ್ನು ಬಿಟ್ಟು ಬೆಳಗ್ಗೆಯೇ ಶುರುಮಾಡಿ. ಉಂಡೆಯನ್ನು ಫ್ರಿಜ್‌ನಲ್ಲಿ ಅರ್ಧ ಗಂಟೆ ಇಟ್ಟರೆ ಬೆಣ್ಣೆ ಮತ್ತೆ ಬಿಗಿಯಾಗುತ್ತದೆ, ಗ್ಲುಟೆನ್ ಸಡಿಲಗೊಳ್ಳುತ್ತದೆ. ಒಂದು ಎಚ್ಚರಿಕೆ: ಚಪಾತಿ ಹಿಟ್ಟನ್ನು ಚಿವುಟಿ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ನಮ್ಮ ಮಕ್ಕಳಿಗೆಲ್ಲ ಇದೆ. ಹಸಿ ಮೈದಾದಲ್ಲಿ ರೋಗಾಣುಗಳಿರಬಹುದಾದ್ದರಿಂದ ಅದನ್ನು ತಿನ್ನಲು ಬಿಡಬೇಡಿ, ಕೆಲಸ ಮುಗಿದೊಡನೆ ಕೈ ತೊಳೆಸಿ.

ತಳಕ್ಕೆ ಶಾಖ ತಲುಪಿಸುವುದರಲ್ಲಿ ತಟ್ಟೆಯ ಪಾತ್ರ ಹೆಚ್ಚಿನವರು ಅಂದುಕೊಂಡಿರುವುದಕ್ಕಿಂತ ದೊಡ್ಡದು. ನೀವು ಸ್ಟೀಲ್ ತಟ್ಟೆಯಲ್ಲಿ ಬೇಯಿಸಿದ್ದರೆ ಅರ್ಧ ಕಾರಣ ಅಲ್ಲೇ ಇದೆ: ಅಲ್ಯುಮಿನಿಯಂ ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಒಯ್ಯುತ್ತದೆ. 20 ಸೆಂಟಿಮೀಟರ್ ಅಗಲದ ಅಲ್ಯುಮಿನಿಯಂ ತಟ್ಟೆಗೆ ಲಟ್ಟಿಸಿದ ಹಿಟ್ಟನ್ನು ಹಾಸಿ, ಮುಳ್ಳು ಚಮಚದಿಂದ ಚುಚ್ಚಿ, ಮೇಲೆ ಬೆಣ್ಣೆಕಾಗದ ಹರಡಿ, ಅದರ ತುಂಬ ಒಣ ಕಡಲೆಕಾಳು ಸುರಿದು, ಮೊದಲೇ 200 ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿ 15 ನಿಮಿಷ ಬೇಯಿಸಿ. ಕಾಳಿನ ಭಾರಕ್ಕೆ ಹಿಟ್ಟು ಉಬ್ಬುವುದಿಲ್ಲ. ಕಾಳು ಸುರಿಯುವುದು ಮಗುವಿನ ಕೆಲಸ. ಬಿಸಿ ಕಾಳು ತೆಗೆಯುವುದು ನಿಮ್ಮದು. (ಆ ಕಾಳು ಮತ್ತೆ ಹುಳಿಗೆ ಬಾರದು, ಡಬ್ಬಿಯಲ್ಲಿಟ್ಟು ಇದಕ್ಕೇ ಬಳಸಿ.) ಬಳಿಕ ತಳದ ಮೇಲೆ ಒಂದು ಚಮಚ ರಸ್ಕ್ ಪುಡಿ ಉದುರಿಸಿ, ಹೂರಣ ತುಂಬಿ, ಮೇಲಿನ ಪದರ ಹೊದಿಸಿ ಅಂಚು ಒತ್ತಿಸಿ. ಕರಿಗಡುಬಿನ ಅಂಚು ಮಡಿಸಲು ಕಲಿಯದ ಮಗುವೂ ಮುಳ್ಳು ಚಮಚದಿಂದ ಸುತ್ತ ಗೆರೆ ಒತ್ತಬಲ್ಲದು. ಆವಿ ಹೋಗಲು ನಡುವೆ ಮೂರು ಸೀಳು ಬೇಕು.

ಓಟಿಜಿಯ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) ಕೆಳಗಿನ ಹಂತದಲ್ಲಿಟ್ಟು, ಕೆಳಗಿನ ಕಾಯಿಲ್ ಉರಿಯುತ್ತಿದೆಯೇ ಎಂದು ನೋಡಿಕೊಂಡು, 200 ಡಿಗ್ರಿಯಲ್ಲಿ 20 ನಿಮಿಷ, ಆಮೇಲೆ 180ರಲ್ಲಿ ಅರ್ಧ ಗಂಟೆ ಬೇಯಿಸಿ. ಬಣ್ಣವನ್ನು ನಂಬಬೇಡಿ, ನಿಮ್ಮನ್ನು ಮೋಸ ಮಾಡಿದ್ದೂ ಅದೇ. ಸೀಳುಗಳಲ್ಲಿ ರಸ ದಪ್ಪಗೆ ಗುಳುಗುಳು ಕುದಿಯುವುದು ಕಾಣಬೇಕು. ಬರೀ ಮೈಕ್ರೋವೇವ್‌ನಲ್ಲಿ ಪೈ ಗರಿಯಾಗದು, ಬಿಸಿ ಗಾಳಿ ಸುತ್ತಿಸುವ ಕನ್ವೆಕ್ಷನ್ ಇರಬೇಕು.

ಹೊರತೆಗೆದ ಪೈಯನ್ನು ಎರಡು ಗಂಟೆಯಾದರೂ ಮುಟ್ಟಬಾರದು, ಕಾರ್ನ್‌ಫ್ಲೋರ್ ಬಿಗಿಯುವುದು ತಣಿದ ಮೇಲೆಯೇ. ಐದು ವರ್ಷದವಳಿಗೆ ಎರಡು ಗಂಟೆ ಬಹಳ ದೀರ್ಘವಾದ್ದರಿಂದ, ಅಂಚಿನಲ್ಲಿ ಕತ್ತರಿಸಿ ಉಳಿದ ಹಿಟ್ಟನ್ನು ಅವಳಿಗೆ ಬೇಕಾದ ಆಕಾರಕ್ಕೆ ಕತ್ತರಿಸಲು ಬಿಟ್ಟು, ಸಕ್ಕರೆ ಉದುರಿಸಿ, ಪೈ ಹೊರಬಂದೊಡನೆ ಅದೇ ಬಿಸಿಯಲ್ಲಿ 12 ನಿಮಿಷ ಬೇಯಿಸಿ ಕೈಗೆ ಕೊಡಿ.