ಬಾಡಿಗೆ ಮನೆಯಲ್ಲಿ ನಾಯಿ ಸಾಕಿದರೆ ಓನರ್ ಖಾಲಿ ಮಾಡಿಸಬಹುದಾ? ಆಸ್ತಿ ವರ್ಗಾವಣೆ ಕಾಯ್ದೆ ಓದುವವರಿಗೆ ಒಂದು ಟಿಪ್ಪಣಿ

ಒಂದು ಸಮಸ್ಯೆ ಇಟ್ಟುಕೊಂಡು ನೋಡೋಣ. ಮೈಸೂರಿನ ಕುವೆಂಪುನಗರದಲ್ಲಿ ಒಂದು ಮಹಡಿ ಮನೆ, 11 ತಿಂಗಳ ಕರಾರು, ಬಾಡಿಗೆ 14,000. ನಾಲ್ಕನೇ ತಿಂಗಳಲ್ಲಿ ಬಾಡಿಗೆದಾರರು ಬೀದಿಯಲ್ಲಿ ಸಿಕ್ಕ ನಾಟಿ ನಾಯಿಮರಿ ತಂದು ಸಾಕಿದರು. ಓನರ್ ವಾಟ್ಸಾಪ್ ಕಳಿಸಿದರು: "ಭಾನುವಾರದೊಳಗೆ ನಾಯಿ ಹೋಗಬೇಕು, ಇಲ್ಲಾಂದ್ರೆ ನೀವು ಹೋಗಬೇಕು." ಇದು ನಡೆಯುತ್ತಾ?

ಮೊದಲು ಯಾವ ಕಾಯ್ದೆ ಅಂತ ನೋಡಿ. ತುಂಬಾ ಜನ ಸೀದಾ ಕರ್ನಾಟಕ ಬಾಡಿಗೆ ಕಾಯ್ದೆ 1999ಕ್ಕೆ ಹೋಗುತ್ತಾರೆ. ಅದರ ಸೆಕ್ಷನ್ 2(3) ಓದಿ. ಬಾಡಿಗೆ ಒಂದು ಮಿತಿ ದಾಟಿದ ಮನೆಗಳಿಗೆ ಅದು ಅನ್ವಯಿಸುವುದೇ ಇಲ್ಲ, ಆ ಮಿತಿ ಜಾಸ್ತಿ ಅಂದರೆ ತಿಂಗಳಿಗೆ 3,500. ಇವತ್ತು ಆ ಬಾಡಿಗೆಗೆ ಮನೆ ಎಲ್ಲಿ ಸಿಗುತ್ತೆ? ಹಾಗಾಗಿ ನಮ್ಮ ಸಮಸ್ಯೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ.

ಈಗ ಕರಾರು ಪತ್ರ ತೆಗೆಯಿರಿ. ಸಾಕುಪ್ರಾಣಿ ಬಗ್ಗೆ ಒಂದು ಮಾತೂ ಇಲ್ಲದಿದ್ದರೆ, ನಾಯಿ ತಂದದ್ದಷ್ಟೇ ಷರತ್ತು ಮುರಿದಂತೆ ಆಗುವುದಿಲ್ಲ. ಬಾಗಿಲು ಕೆರೆದು ಹಾಳು ಮಾಡಿದರೆ ಅದು ಬೇರೆ ವಿಷಯ, ಸೆಕ್ಷನ್ 108ರ ಪ್ರಕಾರ ಮನೆಯನ್ನು ಸುಸ್ಥಿತಿಯಲ್ಲಿ ಇಡುವ ಹೊಣೆ ಬಾಡಿಗೆದಾರರದು.

"ಪ್ರಾಣಿ ಸಾಕಬಾರದು" ಅಂತ ಬರೆದಿದ್ದರೆ? ಇಲ್ಲೇ ಎಲ್ಲರೂ ಅವಸರ ಮಾಡುವುದು. ಸೆಕ್ಷನ್ 111(ಜಿ) ನಿಧಾನವಾಗಿ ಓದಿ. ಬರೀ ಷರತ್ತು ಇದ್ದರೆ ಸಾಲದು, ಅದನ್ನು ಮುರಿದರೆ ಓನರ್ ಮನೆ ವಾಪಸ್ ತೆಗೆದುಕೊಳ್ಳಬಹುದು ಅಂತಲೂ ಕರಾರಿನಲ್ಲಿ ಇರಬೇಕು, ಆಮೇಲೆ ಲಿಖಿತ ನೋಟಿಸ್ ಕೊಡಬೇಕು. ಅದರ ಜೊತೆ ಸೆಕ್ಷನ್ 114ಎ: ಯಾವ ಷರತ್ತು ಮುರಿದಿದೆ ಅಂತ ನೋಟಿಸಿನಲ್ಲಿ ಹೇಳಿ, ಸರಿಪಡಿಸಲು ಆಗುವಂಥದ್ದಾದರೆ ಸರಿಪಡಿಸಿ ಅಂತ ಕೇಳಿ, ಅದಕ್ಕೆ ಸಾಕಷ್ಟು ಸಮಯ ಕೊಡಬೇಕು. ನಾಯಿಗೆ ಬೇರೆ ಮನೆ ಹುಡುಕುವುದು ಸರಿಪಡಿಸುವುದೇ ಅಲ್ವಾ? ಹೀಗೆ ವಾದ ಕಟ್ಟಬಹುದು. ಉತ್ತರದಲ್ಲಿ 114ಎ ಬಿಡಲೇಬೇಡಿ.

11 ತಿಂಗಳು ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ ಸೆಕ್ಷನ್ 116 ಬರುತ್ತೆ, ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಾಗುತ್ತೆ. ಆಗ ನಾಯಿ ನೆಪವೂ ಬೇಡ, ಸೆಕ್ಷನ್ 106ರಡಿ 15 ದಿನದ ಲಿಖಿತ ನೋಟಿಸ್ ಸಾಕು. 2002ರ ತಿದ್ದುಪಡಿಯ ನಂತರ ಆ 15 ದಿನ ನೋಟಿಸ್ ಕೈಸೇರಿದ ದಿನದಿಂದ ಲೆಕ್ಕ. ಸಾಕುಪ್ರಾಣಿ ಇರುವವರಿಗೆ ಇದು ನಿಜಕ್ಕೂ ಕಷ್ಟದ ಜಾಗ, ಅದಕ್ಕೇ ಕರಾರು ನವೀಕರಿಸುವಾಗ "ಒಂದು ನಾಯಿ ಸಾಕಲು ಒಪ್ಪಿಗೆ ಇದೆ" ಅಂತ ಬರೆಸಿಕೊಳ್ಳಿ ಅನ್ನುತ್ತೇನೆ.

ನೋಟಿಸ್ ಅವಧಿ ಮುಗಿದರೂ ಬಾಡಿಗೆದಾರರು ಬಿಡದಿದ್ದರೆ ಓನರ್ ಸಿವಿಲ್ ಕೋರ್ಟಿಗೆ ಹೋಗಬೇಕು. ಸುಮ್ನೆ ಬೀಗ ಬದಲಾಯಿಸಿ, ಸಾಮಾನು ಹೊರಗೆ ಹಾಕುವ ಹಾಗಿಲ್ಲ. ಹಾಗೆ ಹೊರಹಾಕಿಸಿಕೊಂಡವರು ನಿರ್ದಿಷ್ಟ ಪರಿಹಾರ ಕಾಯ್ದೆ 1963ರ ಸೆಕ್ಷನ್ 6ರಡಿ ಆರು ತಿಂಗಳೊಳಗೆ ದಾವೆ ಹಾಕಿ ಮನೆಗೆ ವಾಪಸ್ ಬರಬಹುದು, ಮನೆ ಯಾರದ್ದು ಅನ್ನುವ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಮನೆ ಉಳಿಸಿಕೊಳ್ಳಲು ನಾಯಿಯನ್ನು ರಿಂಗ್ ರೋಡಿನಲ್ಲಿ ಬಿಟ್ಟು ಬರುವವರೂ ಇದ್ದಾರೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಸೆಕ್ಷನ್ 11ರಡಿ ಅಪರಾಧ, ಓನರ್ ಒತ್ತಾಯ ಮಾಡಿದರು ಅನ್ನುವುದು ಅದಕ್ಕೆ ಉತ್ತರವಲ್ಲ.